ಓಣಿಯಲ್ಲಿ ಕಲಾ ಹಬ್ಬ ಮಾಡುವುದು ಹೇಗೆ: ಸ್ಟೇಜ್ ಬೇಡ, ಕಟ್ಟೆ ಸಾಕು

ನಾನು ಕಲಬುರಗಿಯಲ್ಲಿ ಬೋರ್ಡ್ ಬರೆಯುವ ಪೇಂಟರ್. ಬರೆಯುತ್ತಿದ್ದೆ ಅನ್ನಬೇಕು. ಫ್ಲೆಕ್ಸ್ ಬಂದ ಮೇಲೆ ಕಿರಾಣಿ ಅಂಗಡಿಯವರೂ ಕೈಬರಹ ಕೇಳುವುದು ಬಿಟ್ಟರು. ಈಗ ಲಾರಿ, ಟಂಟಂ ಹಿಂದೆ ಹೆಸರು ಬರೆಯುವುದು, ಶಾಲೆ ಗೋಡೆಗೆ ನಕ್ಷೆ ಬಿಡಿಸುವುದು, ಇಷ್ಟೇ ಉಳಿದಿದೆ. ಮನೆ ಬ್ರಹ್ಮಪುರದ ಒಂದು ಓಣಿಯಲ್ಲಿ. ನಾಲ್ಕು ವರ್ಷದಿಂದ ಜನವರಿಯ ಒಂದು ಭಾನುವಾರ ಅಲ್ಲೇ ಕಲಾ ಹಬ್ಬ ಮಾಡುತ್ತಿದ್ದೇವೆ. ನೋಡಿಹೋದ ಬೇರೆ ಓಣಿಯವರು ಬಂದು, "ನಾವೂ ಮಾಡ್ಬೇಕಂತ ಅದ, ಹೆಂಗ ಮಾಡ್ಬೇಕ್ರಿ ಪೇಂಟರ್ ಮಾಮಾ?" ಎಂದು ಕೇಳುತ್ತಾರೆ. ಒಬ್ಬೊಬ್ಬರಿಗೂ ಚಹಾ ಕುಡಿಸಿ ಹೇಳಿ ಹೇಳಿ ಸಾಕಾಗಿದೆ. ಬರೆದೇ ಬಿಡೋಣ ಎಂದು ಕುಳಿತೆ.

ಮೊದಲು ನಮ್ಮ ತಪ್ಪು ಹೇಳುತ್ತೇನೆ. ಅದರಿಂದಲೇ ಉಳಿದದ್ದೆಲ್ಲ ಹುಟ್ಟಿದ್ದು.

ಮೊದಲ ವರ್ಷ ಓಣಿಯ ತುದಿಯಲ್ಲಿ 20 ಅಡಿ ಸ್ಟೇಜ್ ಹಾಕಿಸಿದೆವು. ಪಟ್ಟಿ, ಅಂದರೆ ಚಂದಾ, ಎತ್ತಿದ್ದು 60 ಸಾವಿರ. ಅದರಲ್ಲಿ 41 ಸಾವಿರ ಸ್ಟೇಜ್, ಸೌಂಡ್, ಲೈಟು, ಫ್ಲೆಕ್ಸಿಗೇ ಹೋಯಿತು. ಹೌದು, ಫ್ಲೆಕ್ಸ್. ನನ್ನ ಹೊಟ್ಟೆ ಮೇಲೆ ಹೊಡೆದದ್ದನ್ನೇ ನಾನು ದುಡ್ಡು ಕೊಟ್ಟು ಮಾಡಿಸಿದ್ದೆ. ಸ್ಟೇಜ್ ಇದ್ದ ಮೇಲೆ ಕುರ್ಚಿ ಬೇಕು, ಕುರ್ಚಿ ಇದ್ದ ಮೇಲೆ ಅದರಲ್ಲಿ ಕೂರುವ ದೊಡ್ಡವರು ಬೇಕು, ದೊಡ್ಡವರು ಬಂದ ಮೇಲೆ ಹಾರ, ಶಾಲು, ಭಾಷಣ. ಐದಕ್ಕೆ ಶುರುವಾದ ಭಾಷಣ ಮುಗಿದಾಗ ಏಳೂ ಮುಕ್ಕಾಲು. ನಮ್ಮ ಓಣಿಯ ತತ್ವಪದದ ಅಜ್ಜ ಐದರಿಂದ ಏಕತಾರಿ ತೊಡೆ ಮೇಲೆ ಇಟ್ಟುಕೊಂಡು ಕೆಳಗೆ ಕುಳಿತಿದ್ದರು. ಆಗೊಮ್ಮೆ ಈಗೊಮ್ಮೆ ತಂತಿ ಮುಟ್ಟಿ ಶ್ರುತಿ ನೋಡುವುದು, ಮತ್ತೆ ಸುಮ್ಮನಾಗುವುದು. ಎಂಟಾಗುವ ಹೊತ್ತಿಗೆ ಕರೆದರು. "ಒಂದೇ ಪದ ಹೇಳ್ರಿ ಅಜ್ಜಾ, ಟೈಮಿಲ್ಲ" ಅಂದರು. ಅಜ್ಜ ಒಂದು ಹೇಳಿ ಇಳಿದರು. ಮರುದಿನ ಸಂಜೆ ತಮ್ಮ ಮನೆ ಕಟ್ಟೆ ಮೇಲೆ ಕುಳಿತು ಎರಡು ತಾಸು ಹಾಡಿದರು. ಓಣಿ ಮಂದಿ ಎದುರು ಕಟ್ಟೆಯಲ್ಲಿ, ಮೆಟ್ಟಿಲಲ್ಲಿ, ನಿಲ್ಲಿಸಿದ ಬೈಕಿನ ಮೇಲೆ ಕುಳಿತು ಕೇಳಿದರು. ಒಂದು ಪೈಸೆ ಖರ್ಚಿಲ್ಲ. ನನಗೆ ನಾಚಿಕೆಯೂ ಆಯಿತು, ದಾರಿಯೂ ಕಂಡಿತು.

"ಪಂಡಿತ ರಂಗಮಂದಿರದಲ್ಲಿ ಮಾಡ್ರಲ್ಲಾ" ಎಂದು ಹೇಳಿದವರೂ ಇದ್ದರು. ಎಸ್.ಎಂ. ಪಂಡಿತರ ಬಗ್ಗೆ ನನಗೆ ಬಹಳ ಗೌರವ. 1916ರಲ್ಲಿ ಇದೇ ಊರಲ್ಲಿ ಹುಟ್ಟಿ, ಮುಂಬೈಯಲ್ಲಿ ಸಿನಿಮಾ ಪೋಸ್ಟರು, ಕ್ಯಾಲೆಂಡರ್ ಚಿತ್ರ ಬರೆದು ಹೆಸರಾದವರು. ಪೋಸ್ಟರ್ ಬರೆದವರ ಹೆಸರನ್ನು ರಂಗಮಂದಿರಕ್ಕೆ ಇಟ್ಟಿದ್ದಾರಲ್ಲ, ನಮ್ಮಂಥ ಬ್ರಷ್ ಹಿಡಿದವರಿಗೆ ಅದೇ ಒಂದು ಧೈರ್ಯ. ಆದರೆ ನಮ್ಮ ಓಣಿಯ ಅಕ್ಕಂದಿರು ರೊಟ್ಟಿ ಬಡಿಯುವುದು ಬಿಟ್ಟು ಅಲ್ಲಿವರೆಗೆ ಹೋಗುವುದಿಲ್ಲ. ಹಬ್ಬವೇ ಅವರ ಬಾಗಿಲಿಗೆ ಬಂದರೆ, ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ನಿಲ್ಲುತ್ತಾರೆ.

ದಿನ ಹಿಡಿಯುವುದು

ಏಪ್ರಿಲ್, ಮೇ ಕೇಳಲೇಬೇಡಿ. 40 ಡಿಗ್ರಿ ದಾಟಿದ ಬಿಸಿಲಲ್ಲಿ ಕಲೆ ಅಲ್ಲ, ಕಾಗೆಯೂ ಹೊರಗೆ ಬರುವುದಿಲ್ಲ. ಮಾರ್ಚ್‌ನಲ್ಲಿ ಪರೀಕ್ಷೆ, ಹೋಳಿ ಮುಗಿದರೆ ಶರಣಬಸವೇಶ್ವರ ಜಾತ್ರೆ. ಎಳ್ಳ ಅಮಾವಾಸ್ಯೆಗೆ ಹೊಲ ಇದ್ದವರೂ, ಹೊಲ ಇದ್ದವರ ಗೆಳೆಯರೂ ಭಜ್ಜಿ ರೊಟ್ಟಿ ಉಣ್ಣಲು ಹೊಲಕ್ಕೆ ಹೋಗಿ ಓಣಿ ಖಾಲಿ. ಹಾಗಾಗಿ ಸಂಕ್ರಾಂತಿ ಆದ ಮೇಲಿನ ಭಾನುವಾರ ನಮಗೆ ಸರಿಹೋಗಿದೆ. ರಂಜಾನ್ ಮತ್ತು ಬಂದೇನವಾಜ್ ದರ್ಗಾದ ಉರುಸು ಪ್ರತಿ ವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತವೆ. ಕನ್ನಡ ಕ್ಯಾಲೆಂಡರ್ ಜೊತೆ ಉರ್ದು ಕ್ಯಾಲೆಂಡರನ್ನೂ ಮುಂದಿಟ್ಟುಕೊಂಡು ದಿನ ನೋಡಿ. ಓಣಿಯಲ್ಲಿ ಸಾವಾದರೆ ಒಂದು ವಾರ ಮುಂದಕ್ಕೆ. ಇದನ್ನು ಮೊದಲ ಸಭೆಯಲ್ಲೇ ಹೇಳಿಡಿ. ಆಮೇಲೆ ಚರ್ಚೆ ಮಾಡುವ ವಿಷಯವಲ್ಲ.

ದಿನ ಗೊತ್ತಾದ ಮೇಲೆ ಮೊಟ್ಟಮೊದಲು ಕಾಣಬೇಕಾದವರು ಯಾರು ಗೊತ್ತಾ? ಕಾರ್ಪೊರೇಟರ್ ಅಲ್ಲ. ವಾಲ್‌ಮನ್, ನಳಕ್ಕೆ ನೀರು ಬಿಡುವವರು.

ಎರಡನೇ ವರ್ಷ ಇದನ್ನು ಕಲಿತೆವು. ನಮ್ಮಲ್ಲಿ ನಳ ದಿನಾ ಬರುವುದಿಲ್ಲ. ಬಂದ ದಿನ ಎಲ್ಲಾ ಕೆಲಸ ಬಿಟ್ಟು ನೀರು ತುಂಬಬೇಕು. ನಾವು ಕೇಳಿಕೊಳ್ಳದೆ ಭಾನುವಾರ ಹಿಡಿದಿದ್ದೆವು. ಮಧ್ಯಾಹ್ನ ಹುಡುಗಿಯರು ಸೇರಿ ರಸ್ತೆಯ ಫರಸಿ ಕಲ್ಲಿನ ಮೇಲೆ ದೊಡ್ಡ ನವಿಲು ಬರೆದಿದ್ದರು, ಬರೀ ಚಾಕ್‌ಪೀಸು ಮತ್ತು ರಂಗೋಲಿ ಪುಡಿಯಲ್ಲಿ. ಗರಿಯ ಕೊನೆ ಕಣ್ಣಿಗೆ ನೀಲಿ ತುಂಬುತ್ತಿದ್ದಾಗ "ನಳಾ ಬಂತು!" ಎಂಬ ಕೂಗು. ಪೈಪು ಹೊರಗೆ ಬಿದ್ದವು, ಒಂದು ಪೈಪು ಜಾರಿತು. ನೀರು ಮೊದಲು ನವಿಲಿನ ಕಾಲು ತೊಳೆಯಿತು, ಆಮೇಲೆ ಹೊಟ್ಟೆ. ನೀಲಿ ಬಣ್ಣ ಎಳೆಯಾಗಿ ಹರಿದು ಗಟಾರಕ್ಕೆ ಇಳಿಯಿತು. ಒಬ್ಬ ಹುಡುಗಿ ಅಳುತ್ತಾ ನಿಂತಳು. ಅವಳ ಅವ್ವ ಕೊಡ ಕೆಳಗಿಡದೆಯೇ, "ಅಳಬ್ಯಾಡ ಬೇ, ನಾಳೆ ಮತ್ತ ಬರೀಲಾಕ ಬರ್ತದ, ನೀರು ನಾಳೆ ಬರಂಗಿಲ್ಲ" ಅಂದಳು. ಅವಳ ಮಾತೂ ಸರಿಯೇ ಅಲ್ವಾ?

ಮೂರನೇ ವರ್ಷದಿಂದ ವಾಲ್‌ಮನ್ ಅಣ್ಣನನ್ನು ಕೇಳಿ, ನೀರಿಲ್ಲದ ಭಾನುವಾರ ಗೊತ್ತು ಮಾಡಿಕೊಂಡೇ ಮುಂದಿನ ಮಾತು. ಉದ್ಘಾಟನೆಯೂ ಅವರ ಕೈಯಿಂದಲೇ. ರಸ್ತೆ ಮೇಲೆ ಮೊದಲ ಚಾಕ್ ಗೆರೆ ಎಳೆದು, ಚಹಾ ಕುಡಿದು ಹೋಗುತ್ತಾರೆ. ಭಾಷಣ ಇಲ್ಲ.

ಕಲಾವಿದರನ್ನು ಹುಡುಕುವುದು

"ಇಲ್ಲಿ ಕಲಾವಿದರು ಯಾರಾದರೂ ಇದ್ದಾರಾ?" ಎಂದು ಮನೆಮನೆಗೆ ಹೋಗಿ ಕೇಳಿದರೆ ಎಲ್ಲರೂ ಇಲ್ಲ ಅನ್ನುತ್ತಾರೆ. ನಾವು ಹಾಗೇ ಕೇಳಿದ್ದೆವು. ಓಣಿಯ 31 ಮನೆಯಲ್ಲಿ ಸಿಕ್ಕವರು ಇಬ್ಬರು, ಅದರಲ್ಲಿ ಒಬ್ಬ ನಾನು. ಕಲಾವಿದ ಅಂದರೆ ಟಿವಿಯಲ್ಲಿ ಬರುವವರು ಎಂದು ಜನ ತಿಳಿದಿದ್ದಾರೆ.

ಮುಂದಿನ ವರ್ಷ ಪ್ರಶ್ನೆ ಬದಲಿಸಿದೆವು. ಮನೆಯಲ್ಲಿ ಹಾಡು ಯಾರು ಹೇಳ್ತಾರೆ? ಹೊಲಿಗೆ ಯಾರದು ಚಂದ? ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಚಿತ್ರ ಬರೆದು ಬೈಸಿಕೊಳ್ಳುವ ಹುಡುಗ ಯಾರು? ಮದುವೆಯಲ್ಲಿ ಮೆಹಂದಿ ಹಾಕಲು ಯಾರನ್ನು ಕರೀತೀರಿ? ಹೀಗೆ ಕೇಳಿದಾಗ 26 ಜನ ಸಿಕ್ಕರು. ಕೌದಿ ಹೊಲಿಯುವ ಆಯಿ. ಬಾಡಿಗೆ ಖೋಲಿಯಲ್ಲಿದ್ದು ಗೌಂಡಿ ಕೆಲಸಕ್ಕೆ ಹೋಗುವ ತಾಂಡಾದ ಅಕ್ಕ. ಟ್ರಂಕಿನಲ್ಲಿ ಕನ್ನಡಿ, ಕವಡೆ ಹಚ್ಚಿದ ಕಸೂತಿ ಇಟ್ಟಿದ್ದಳು. ಹಲಗಿ ಬಾರಿಸುವ ನಾಲ್ಕು ಹುಡುಗರು. ಚಿತ್ರಕಲಾ ಕಾಲೇಜಿಗೆ ಹೋಗುವ ಹುಡುಗಿ ಒಬ್ಬಳು. ಅವಳು ಚಿತ್ರ ಬರೆಯುತ್ತಾಳೆ ಎಂದು ಎದುರು ಮನೆಗೇ ಗೊತ್ತಿರಲಿಲ್ಲ.

ಬರೆದ ಪಟ್ಟಿಯಲ್ಲಿ ಯಾರನ್ನೂ ಬಿಡಬೇಡಿ, ಆರಿಸಬೇಡಿ. ಸ್ಪರ್ಧೆ, ಪ್ರೈಜು ಅಂತೂ ಬೇಡವೇ ಬೇಡ. ಒಂದು ಸ್ಟೀಲ್ ಡಬ್ಬಿಯ ಪ್ರೈಜಿಗಾಗಿ ಎರಡು ಮನೆಯವರು ಆರು ತಿಂಗಳು ಮಾತು ಬಿಟ್ಟದ್ದನ್ನು ನಾನು ಗಣಪತಿ ಹಬ್ಬದಲ್ಲಿ ನೋಡಿದ್ದೇನೆ.

ಹೊರಗಿನವರನ್ನು ಕರೆಯುವುದಿಲ್ಲ ಎಂಬ ನಿಯಮ ನಮ್ಮದು. ಅದಕ್ಕೂ ಒಂದು ದಾರಿ ಇದೆ, ಆಮೇಲೆ ಹೇಳುತ್ತೇನೆ.

ಕಟ್ಟೆ ಎಣಿಸಿ, ನೆರಳು ನೋಡಿ

ನಮ್ಮ ಹಳೇ ಮನೆಗಳ ಮುಂದೆ ಶಹಾಬಾದ್ ಕಲ್ಲು ಹಾಸಿದ ಕಟ್ಟೆ ಇರುತ್ತದೆ. ಇದೇ ನಿಮ್ಮ ಗ್ಯಾಲರಿ, ಇದೇ ಸ್ಟೇಜು. ಒಂದು ರಟ್ಟಿನ ಮೇಲೆ ಓಣಿಯ ನಕ್ಷೆ ಬರೆದು ಕಟ್ಟೆಗಳನ್ನು ಎಣಿಸಿ. ನಮ್ಮಲ್ಲಿ 19 ಇವೆ.

ಆಮೇಲೆ ಒಂದು ಭಾನುವಾರ ಸುಮ್ನೆ ಮೂರು ಗಂಟೆಗೆ ಹೋಗಿ ನೆರಳು ಎಲ್ಲಿ ಬೀಳುತ್ತದೆ ನೋಡಿ. ನಮ್ಮ ಓಣಿ ಪೂರ್ವ ಪಶ್ಚಿಮ ಇದೆ. ಜನವರಿಯಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ದಕ್ಷಿಣ ಸಾಲಿನ ಮನೆಗಳ ಕಟ್ಟೆ ಇಡೀ ದಿನ ನೆರಳಲ್ಲಿ, ಎದುರಿನ ಉತ್ತರದ ಸಾಲು ಬಿಸಿಲಲ್ಲಿ. ಬಿಸಿಲು ಬಿದ್ದ ಫರಸಿ ಮೇಲೆ ಜನವರಿಯಲ್ಲೂ ಬಹಳ ಹೊತ್ತು ಕೂರಲಾಗದು. ಹಾಗಾಗಿ ಹಾಡುವವರು, ಮೆಹಂದಿಯವರು, ನೀರುಬಣ್ಣದ ಚಿತ್ರಗಳು ನೆರಳಿನ ಸಾಲಿಗೆ. ಕೌದಿ, ಕಸೂತಿ ಬಿಸಿಲಿನ ಸಾಲಿಗೆ. ಕಸೂತಿಯ ಕನ್ನಡಿ ಚೂರಿಗೆ ಬಿಸಿಲು ಬಿದ್ದರೆ ಎದುರು ಗೋಡೆ ತುಂಬಾ ಬೆಳಕಿನ ಚುಕ್ಕಿ ಕುಣಿಯುತ್ತವೆ. ಮಕ್ಕಳು ಅವನ್ನು ಹಿಡಿಯಲು ಓಡುತ್ತಾರೆ.

ಹಲಗಿಯನ್ನೂ ತತ್ವಪದವನ್ನೂ ಓಣಿಯ ಎರಡು ತುದಿಗೆ ಇಡಿ. ಒಟ್ಟಿಗೆ ನಡೆಸಬೇಡಿ. ನಡುವೆ ಆರು ಅಡಿ ದಾರಿ ಯಾವಾಗಲೂ ಖಾಲಿ ಇರಲಿ. ಯಾರಿಗೋ ಎದೆ ನೋವು ಬಂದರೆ ಆಟೋ ಒಳಗೆ ಬರಬೇಕಲ್ಲ.

ಚಿತ್ರ ತೂಗುಹಾಕುವುದು, ಹೆಸರು ಬರೆಯುವುದು

ಶಹಾಬಾದ್ ಕಲ್ಲಿಗೆ ಮೊಳೆ ಹೊಡೆಯಬೇಡಿ. ಹೋಗುವುದಿಲ್ಲ, ಹೋದರೆ ಕಲ್ಲೇ ಪದರಾಗಿ ಸೀಳುತ್ತದೆ. ಮನೆಯವರ ಹತ್ತಿರ ಬೈಗುಳ ಬೇರೆ. ಕಿಟಕಿಯ ಸರಳಿನಿಂದ ಪಕ್ಕದ ಕಿಟಕಿಯ ಸರಳಿಗೆ ನೈಲಾನ್ ಹಗ್ಗ ಬಿಗಿಯಾಗಿ ಕಟ್ಟಿ. ಸುತಳಿ ಸಂಜೆ ಹೊತ್ತಿಗೆ ಜೋತು ಬೀಳುತ್ತದೆ. ಚಿತ್ರವನ್ನು ರಟ್ಟಿಗೆ ನಾಲ್ಕು ಮೂಲೆಗೆ ಮಾತ್ರ ಅಂಟಿಸಿ. ಪೂರ್ತಿ ಅಂಟು ಹಚ್ಚಿದರೆ ಕಾಗದ ಸುಕ್ಕಾಗುತ್ತದೆ, ಮರಳಿ ಬಿಡಿಸಲೂ ಆಗದು. ಮೇಲೆ ಎರಡು ಬಟ್ಟೆ ಕ್ಲಿಪ್ಪು, ಕೆಳಗೆ ಒಂದು. ಕೆಳಗಿನ ಕ್ಲಿಪ್ಪಿಗೆ ದಾರದಲ್ಲಿ ಒಂದು ಸಣ್ಣ ಕಲ್ಲು ಕಟ್ಟಿ ಬಿಡಿ. ನಾಲ್ಕು ಗಂಟೆಗೆ ಗಾಳಿ ಎದ್ದಾಗ ನೆನಸಿಕೊಳ್ಳುತ್ತೀರಿ.

ಹೆಸರಿನ ಬೋರ್ಡ್ ವಿಷಯದಲ್ಲಿ ನಾನು ಸ್ವಲ್ಪ ಜಾಸ್ತಿ ಮಾತಾಡುತ್ತೇನೆ, ಬಿಡಿ, ನನ್ನ ಕಸುಬು. ಒಬ್ಬೊಬ್ಬ ಕಲಾವಿದರಿಗೂ ತಗಡಿನ ಮೇಲೆ ಕೈಯಿಂದ ಹೆಸರು ಬರೆದು ಕಟ್ಟೆ ಮುಂದೆ ಇಡುತ್ತೇವೆ. ಹಳೇ ಎಣ್ಣೆ ಡಬ್ಬಿ ಬಿಚ್ಚಿ ತಟ್ಟಿದ ತಗಡು ಸಾಕು. ಮೊದಲು ಬಿಳಿ ಬಣ್ಣ ಹೊಡೆದು ಒಣಗಿಸಿ. ಗೆರೆಗೆ ಸ್ಕೇಲ್ ಬೇಡ. ನೂಲಿಗೆ ಬಣ್ಣದ ಚಾಕ್ ತಿಕ್ಕಿ, ಎರಡು ತುದಿ ಬಿಗಿಯಾಗಿ ಹಿಡಿದು, ನಡುವೆ ಎತ್ತಿ ಟಪ್ ಅಂತ ಬಿಟ್ಟರೆ ನೇರ ಗೆರೆ ಬೀಳುತ್ತದೆ. ಹತ್ತು ಅಡಿ ದೂರದಿಂದ ಸಲೀಸಾಗಿ ಓದಬೇಕಾದರೆ ಅಕ್ಷರ ಒಂದು ಇಂಚಾದರೂ ಇರಬೇಕು. ನಾನು ಎರಡು ಇಂಚು ಬರೆಯುತ್ತೇನೆ, ಓಣಿಯಲ್ಲಿ ಕನ್ನಡಕದವರು ಬಹಳ. ಕನ್ನಡ ಬರೆಯುವಾಗ ಹೊಸಬರು ಮಾಡುವ ತಪ್ಪು ಒಂದೇ: ಒತ್ತಕ್ಷರಕ್ಕೆ ಕೆಳಗೆ ಜಾಗ ಬಿಡುವುದಿಲ್ಲ. ಅಕ್ಷರದ ಅರ್ಧದಷ್ಟು ಜಾಗ ಕೆಳಗೆ ಖಾಲಿ ಬಿಡಿ. ಇಲ್ಲದಿದ್ದರೆ ಮಲ್ಲಮ್ಮ ಅನ್ನುವ ಹೆಸರು ಬಂದಾಗ ಎರಡು ಒತ್ತು ತಗಡಿನಿಂದ ಕೆಳಗೆ ಬೀಳುತ್ತವೆ.

ಬೋರ್ಡಿನಲ್ಲಿ ಕನ್ನಡವೂ ಉರ್ದುವೂ ಇರುತ್ತದೆ. ನನಗೆ ಉರ್ದು ಓದಲು ಬರದು. ಟೇಲರ್ ಚಾಚಾ ಪೆನ್ಸಿಲ್ಲಿನಲ್ಲಿ ಬರೆದುಕೊಡುತ್ತಾರೆ, ನಾನು ಅದರ ಮೇಲೆ ಎನಾಮಲ್ ತುಂಬುತ್ತೇನೆ. ಒಮ್ಮೆ ಚುಕ್ಕಿಯೊಂದನ್ನು ಪೆನ್ಸಿಲ್ ಕಲೆ ಎಂದುಕೊಂಡು ಅಳಿಸಿಬಿಟ್ಟಿದ್ದೆ. ಚಾಚಾ ಕನ್ನಡಕ ಮೇಲೇರಿಸಿ ನೋಡಿ ನಕ್ಕರು: "ಅರೇ ಪೇಂಟರ್ ಸಾಬ್, ಒಂದ್ ಚುಕ್ಕಿ ಮ್ಯಾಲಿಂದು ಕೆಳಗ ಬಂದ್ರ ಖುದಾ ಹೋಗಿ ಜುದಾ ಆಗ್ತದ. ಚುಕ್ಕಿ ಜ್ವಾಕಿ!" ಅಂದಿನಿಂದ ಬಣ್ಣ ಒಣಗುವ ಮೊದಲು ಅವರಿಗೆ ತೋರಿಸದೆ ಯಾವ ಬೋರ್ಡೂ ಹೊರಗೆ ಹೋಗುವುದಿಲ್ಲ.

ಬೆಂಕಿಗೆ ಬೇರೆ ಜಾಗ

ಹಲಗಿ ಹುಡುಗರು ಬಾರಿಸುವ ಮೊದಲು ಚರ್ಮ ಕಾಯಿಸಲು ಕಾಗದ, ಹುಲ್ಲು ಉರಿಸುತ್ತಾರೆ. ಇದನ್ನು ಬೇಡ ಅನ್ನಲಾಗದು, ಕಾಯದ ಹಲಗಿ ದನಿ ಕೊಡುವುದಿಲ್ಲ. ಆದರೆ ಪಕ್ಕದಲ್ಲೇ ಕಾಗದದ ಚಿತ್ರ, ಮೇಲೆ ಶಾಮಿಯಾನ ಇದ್ದರೆ ಗತಿ? ಓಣಿಯ ಬಾಯಿಯಲ್ಲಿ, ಮೇಲೆ ವೈರು ಬಟ್ಟೆ ಏನೂ ಇಲ್ಲದ ಕಡೆ ಸುಣ್ಣದಿಂದ ಒಂದು ವೃತ್ತ ಬರೆದು, ಬೆಂಕಿ ಅದರೊಳಗೇ ಎಂದು ಹೇಳಿಡಿ. ಪಕ್ಕದಲ್ಲಿ ಎರಡು ಕೊಡ ನೀರು, ಒಂದು ಬುಟ್ಟಿ ಮರಳು. ಮಿರ್ಚಿ ಭಜಿಯ ಬಾಣಲೆಯೂ ಅಲ್ಲೇ. ಸುಸಲಾ, ಭಜಿ ಮಾಡಲು ಮೂರು ಮನೆಯವರಿದ್ದಾರೆ. ಎಣ್ಣೆ ಕೈ ಚಿತ್ರದ ಹತ್ತಿರ ಬರಬಾರದೆಂದು ತಿನಿಸನ್ನು ತುದಿಗೇ ಇಟ್ಟಿದ್ದೇವೆ.

ಆ ವೃತ್ತದಲ್ಲೇ ಹೋದ ವರ್ಷ ಬಿದ್ರಿ ಕೆಲಸವೂ ಆಯಿತು. ಹೊರಗಿನವರು ಬೇಡ ಅಂದಿದ್ದೆನಲ್ಲ, ಇವರು ಬೀದರ್‌ನವರು, ಆದರೆ ನಮ್ಮ ಓಣಿಯ ಅಳಿಯ. ಅಳಿಯ ಅಂದ ಮೇಲೆ ಒಳಗಿನವರೇ. 2017ರಲ್ಲಿ ಬೀದರ್ ಕಲಬುರಗಿ ರೈಲು ಶುರುವಾದ ಮೇಲೆ ಸಾಮಾನು ತರುವುದೂ ಸಲೀಸು. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದ ಸಣ್ಣ ಹೂದಾನಿ ತಂದಿದ್ದರು. ಉಳಿಯಿಂದ ಬಳ್ಳಿಯ ಗೆರೆ ಕೊರೆದು, ಆ ಗೆರೆಯೊಳಗೆ ಬೆಳ್ಳಿ ತಂತಿ ಕೂರಿಸಿ ತಟ್ಟಿ ಉಜ್ಜಿದ್ದರು. ನೋಡಲು ಎಲ್ಲಾ ಒಂದೇ ಬೂದು ಬಣ್ಣ, ಬೆಳ್ಳಿ ಯಾವುದು ಸತು ಯಾವುದು ತಿಳಿಯದು. ಬೀದರ್ ಕೋಟೆಯ ಹಳೇ ಮಣ್ಣಿಗೆ ನವಸಾಗರ ಕಲಸಿ, ಹೂದಾನಿಯನ್ನು ಶೆಗಡಿ ಮೇಲೆ ಕಾಯಿಸಿ, ಆ ಮಣ್ಣು ಬಳಿದರು. ಆಮೇಲೆ ನೀರಲ್ಲಿ ತೊಳೆದರು. ಸತುವೆಲ್ಲ ಕಪ್ಪಾಗಿತ್ತು, ಬೆಳ್ಳಿ ಬಳ್ಳಿ ಬೆಳ್ಳಗೆ ಹಾಗೇ ನಿಂತಿತ್ತು. ಬಿಸಿಲಿನ ಸಾಲಿನವರೆಲ್ಲ ಎದ್ದು ಬಂದಿದ್ದರು. ಮಣ್ಣು ಸರಿಯಾದದ್ದೋ ಇಲ್ಲವೋ ಎಂದು ನಾಲಿಗೆಗೆ ಹಚ್ಚಿ ನೋಡುತ್ತೇವೆ ಎಂದು ಅಳಿಯಂದಿರು ಹೇಳಿದ್ದೇ ತಪ್ಪಾಯಿತು, ಮಕ್ಕಳೆಲ್ಲ ಬೆರಳು ಮುಂದೆ ಮಾಡಿದರು. ನವಸಾಗರ ಕಲಸಿದ ಮಣ್ಣನ್ನು ಮಕ್ಕಳ ಕೈಗೆ ಸಿಗದಂತೆ ಇಡಿ.

ಪರವಾನಗಿ, ಸದ್ದು

ಹದಿನೈದು ದಿನ ಮೊದಲು ಪೊಲೀಸ್ ಠಾಣೆಗೂ ಮಹಾನಗರ ಪಾಲಿಕೆಗೂ ಅರ್ಜಿ ಕೊಡಿ. ರಸ್ತೆಯ ಹೆಸರು, ದಿನ, ಎಷ್ಟರಿಂದ ಎಷ್ಟು ಗಂಟೆ, ಮೈಕ್ ಇದೆಯೋ ಇಲ್ಲವೋ, ಇಬ್ಬರ ಫೋನ್ ನಂಬರು ಬರೆದರೆ ಸಾಕು. ಕೊಟ್ಟ ಅರ್ಜಿಯ ನಕಲಿಗೆ ಸೀಲು ಹಾಕಿಸಿಕೊಂಡು ಬನ್ನಿ. ಲೈಟು ಹೆಚ್ಚು ಬೇಕಿದ್ದರೆ ಕರೆಂಟಿನ ಕಂಪನಿ ಜೆಸ್ಕಾಂನಿಂದ ತಾತ್ಕಾಲಿಕ ಸಂಪರ್ಕ ತೆಗೆದುಕೊಳ್ಳಿ, ಕಂಬಕ್ಕೆ ಕೊಕ್ಕೆ ಹಾಕಬೇಡಿ. ನಾವು ಮೂರು ಗಂಟೆಗೆ ಶುರು ಮಾಡಿ ಎಂಟಕ್ಕೆ ಮುಗಿಸುತ್ತೇವೆ, ಮನೆ ಬಾಗಿಲ ಬಲ್ಬುಗಳೇ ಸಾಕು.

ಶಬ್ದ ಮಾಲಿನ್ಯದ 2000ನೇ ಇಸವಿಯ ನಿಯಮದಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮೈಕ್ ನಿಷೇಧ. ಮನೆಗಳಿರುವ ಕಡೆ ಹಗಲಿನ ಮಿತಿ 55 ಡೆಸಿಬಲ್. ನಾಲ್ಕು ಜನ ಜೋರಾಗಿ ಮಾತಾಡಿದರೆ ಅಷ್ಟಾಗುತ್ತದೆ, ಡಿಜೆ ಮಾತಂತೂ ದೂರ. ನಾವು ಮೈಕನ್ನೇ ಬಿಟ್ಟೆವು. ಮೈಕ್ ಇಲ್ಲದಿದ್ದರೆ ಕೇಳುವವರು ಹತ್ತಿರ ಬಂದು ಕೂರುತ್ತಾರೆ. ಆರು ದಾಟುತ್ತಿದ್ದಂತೆ ಮಗ್ರಿಬ್ ಆಜಾನ್, ಅದರ ಹಿಂದೆಯೇ ಗುಡಿಯ ಮಂಗಳಾರತಿ. ಅರ್ಧ ತಾಸು ಎಲ್ಲಾ ನಿಲ್ಲಿಸಿ ಚಹಾ ಕೊಡಿ. ಚಹಾಕ್ಕೂ ಅದೇ ಸರಿಯಾದ ಹೊತ್ತು.

ದುಡ್ಡು

ಹೋದ ವರ್ಷದ ಖರ್ಚು 23,650 ರೂಪಾಯಿ. ಅದರಲ್ಲಿ 13 ಸಾವಿರ ಕಲಾವಿದರ ಕೈಗೆ, 26 ಜನರಿಗೆ ತಲಾ 500. ಹಾಡಿದವರಿಗೂ ಅಷ್ಟೇ, ಎಂಟು ವರ್ಷದ ಹುಡುಗನಿಗೂ ಅಷ್ಟೇ. ಕಡಿಮೆ ಅನ್ನಿ, ಒಪ್ಪುತ್ತೇನೆ. ಆದರೆ ಶಾಲು, ಹಾರ, ಫಲಕಕ್ಕೆ ಒಬ್ಬರ ಮೇಲೆ ಇಷ್ಟೇ ಖರ್ಚಾಗುತ್ತದೆ. ಅಜ್ಜನ ಮನೆಯಲ್ಲಿ ಆಗಲೇ ಹನ್ನೊಂದು ಶಾಲು ಇದ್ದವು. ಲಕೋಟೆ ಕೊಟ್ಟಾಗ ಒಳಗೆ ಇಣುಕಿ ನೋಡಿ, "ಇದು ಚಲೋ ಆಯ್ತು ನೋಡಪಾ" ಅಂದರು.

ಪಟ್ಟಿ ಎತ್ತುವಾಗ ಮನೆಗೆ ಇಷ್ಟು ಎಂದು ಗೊತ್ತು ಮಾಡಬೇಡಿ. ಕೆಲವರು ದುಡ್ಡು ಕೊಡಲಾರರು, ಆದರೆ ಬೆಲ್ಲ, ಹಿಟ್ಟು, ಹಗ್ಗ, ನಾಲ್ಕು ಕುರ್ಚಿ ಕೊಡುತ್ತಾರೆ. ಅದನ್ನೂ ಲೆಕ್ಕದಲ್ಲಿ ಬರೆಯಿರಿ. ಮಾರನೆಯ ಭಾನುವಾರ ಲೆಕ್ಕದ ಹಾಳೆಯನ್ನು ಓಣಿಯ ಬಾಯಲ್ಲಿ ಅಂಟಿಸಿ. ದೊಡ್ಡ ಅಕ್ಷರದಲ್ಲಿ, ದಯವಿಟ್ಟು.

ಮಾರಾಟದ ಬಗ್ಗೆ ಒಂದು ಮಾತು. ಬೆಲೆ ಮೊದಲೇ ಬರೆದಿಡಿ, ಮಾರದೇ ಇರುವುದಕ್ಕೆ "ಮಾರಾಟಕ್ಕಿಲ್ಲ" ಎಂದು ಬರೆದಿಡಿ. ನಾವು ಬರೆದಿರಲಿಲ್ಲ. ದೊಡ್ಡ ಕಾರಿನಲ್ಲಿ ಬಂದ ಒಬ್ಬರು ಆಯಿಯ ಕೌದಿಗೆ ಐನೂರರಿಂದ ಚೌಕಾಸಿ ಶುರು ಮಾಡಿ ಮೂರು ಸಾವಿರದವರೆಗೆ ಏರಿದರು. ಆಯಿ ಕೌದಿಯ ಒಂದೊಂದೇ ತುಂಡಿನ ಮೇಲೆ ಬೆರಳಿಟ್ಟು, "ಇದು ನಮ್ಮವ್ವನ ಇಳಕಲ್ ಸೀರಿ, ಇದು ನನ್ನ ಮಗನ ಸಾಲಿ ಅಂಗಿ, ಇದು ಅವರ ಧೋತ್ರ" ಎಂದು ತೋರಿಸುತ್ತಾ ಹೋದರು. ಆ ಮನುಷ್ಯ ಪರ್ಸು ಜೇಬಿಗೆ ಹಾಕಿ, ಭಜಿ ತಿಂದು ಹೋದರು. ಈ ವರ್ಷ ಆಯಿ ಮಾರಲಿಕ್ಕೆಂದೇ ಎರಡು ಸಣ್ಣ ಕೌದಿ ಹೊಲಿಯುತ್ತಿದ್ದಾರೆ.

ಎತ್ತಿಡುವುದು

ಎಂಟಕ್ಕೆ ಮುಗಿದರೆ ಒಂಬತ್ತರೊಳಗೆ ಎಲ್ಲಾ ಎತ್ತಿಡಿ. ಬೆಳಿಗ್ಗೆ ಮಾಡೋಣ ಅಂದರೆ ರಾತ್ರಿ ಮಂಜಿಗೆ ಕಾಗದ ಮೆತ್ತಗಾಗುತ್ತದೆ, ಮೇಕೆ ಬಂದು ತಿನ್ನುತ್ತದೆ. ಸುಮ್ಮನೆ ಹೇಳುತ್ತಿಲ್ಲ, ಒಂದು ಜಲವರ್ಣ ಚಿತ್ರದ ಮೂಲೆ ಹಾಗೇ ಹೋಗಿದೆ. ರಸ್ತೆ ಮೇಲಿನ ಚಾಕ್ ಚಿತ್ರ ಮಾತ್ರ ಬಿಡಿ. ಮರುದಿನ ಶಾಲೆಗೆ ಹೋಗುವ ಮಕ್ಕಳು ಅದರ ಸುತ್ತ ಬಳಸಿಕೊಂಡು ಹೋಗುತ್ತಾರೆ. ನಳ ಬಂದಾಗ ಅದು ತಾನಾಗಿ ಹೋಗುತ್ತದೆ.

ಕುರ್ಚಿ, ಹಗ್ಗ ವಾಪಸ್ ಮಾಡುವುದು ಕಷ್ಟವಲ್ಲ. ಜಗಳ ಬಂದದ್ದು ಬಟ್ಟೆ ಕ್ಲಿಪ್ಪಿಗೆ. ಮನೆಮನೆಯಿಂದ ತಂದ ಮುನ್ನೂರು ಕ್ಲಿಪ್ಪು ಒಂದೇ ಬುಟ್ಟಿಗೆ ಬಿದ್ದವು, ಎಲ್ಲಾ ಒಂದೇ ತರಹದ ಪ್ಲಾಸ್ಟಿಕ್. "ನಮ್ಮವು ಹನ್ನೆರಡು, ಹೊಸವು ಇದ್ದವು" ಎಂದು ಬಳೆ ಅಂಗಡಿ ಅಕ್ಕ ಇವತ್ತಿಗೂ ಹೇಳುತ್ತಾರೆ. ಈಗ ಸಾಮಾನು ಕೂಡಿಸುವ ದಿನವೇ ನಾನು ಎನಾಮಲ್ ಡಬ್ಬಿ ಮುಂದಿಟ್ಟುಕೊಂಡು ಕೂರುತ್ತೇನೆ. ಒಂದೊಂದು ಮನೆಯ ಕ್ಲಿಪ್ಪಿಗೆ ಒಂದೊಂದು ಬಣ್ಣದ ಚುಕ್ಕಿ, ಬಣ್ಣ ಮುಗಿದರೆ ಎರಡು ಚುಕ್ಕಿ. ಬಳೆ ಅಂಗಡಿ ಅಕ್ಕನದು ಕೆಂಪು, ಚಾಚಾ ಅವರದು ಹಸಿರು, ಆಯಿಯದು ಹಳದಿ ಎರಡು ಚುಕ್ಕಿ. ನಮ್ಮ ಮನೆಯದು ನೀಲಿ.